ಉಪ್ಪು ಬಡಿಸುವ ವಯಸ್ಸು

"ಸುಮ್ನೆ ಕಾಯೋ, ತನ್ನಷ್ಟಕ್ಕೇ ಬರ್ತದೆ" ಎಂದು ನಾನು ಅವನಿಗೆ ಹೇಳಿದ್ದು ನಿಜ. ಎಲ್ಲಿ ಹೇಳಿದೆ, ಯಾವ ದನಿಯಲ್ಲಿ ಹೇಳಿದೆ ಎಂಬುದು ಮಾತ್ರ ಪ್ರತಿ ಸಲ ಬೇರೆಯಾಗಿ ನೆನಪಾಗುತ್ತದೆ. ಒಮ್ಮೊಮ್ಮೆ ನಾವಿಬ್ಬರೂ ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇವೆ, ಅವನ ಕೈಯಲ್ಲಿ ನೀರಿಳಿಯುವ ಕೊಡೆ ಇದೆ. ಆದರೆ ಅದು ಸೆಕೆಂಡ್ ಪಿಯುಸಿಯ ಪ್ರ್ಯಾಕ್ಟಿಕಲ್ ಪರೀಕ್ಷೆಯ ಹೊತ್ತು, ಮಾಘ ಮಾಸ. ಆ ತಿಂಗಳಲ್ಲಿ ಶಿರಸಿಯಲ್ಲಿ ಕೊಡೆ ಯಾರು ಹಿಡಿಯುತ್ತಾರೆ? ಇನ್ನೊಮ್ಮೆ ಹಾಸ್ಟೆಲ್ಲಿನ ಮೆಟ್ಟಿಲು, ನಾನು ಮೇಲಿನ ಮೆಟ್ಟಿಲಲ್ಲಿ, ಅವನು ಕೆಳಗೆ. ಒಮ್ಮೆ ನನ್ನ ಮಾತಿನಲ್ಲಿ ಅಕ್ಕರೆಯಿದೆ. ಇನ್ನೊಮ್ಮೆ ದೊಡ್ಡವನಾದ ಗರ್ವ ಬಿಟ್ಟು ಬೇರೇನೂ ಇಲ್ಲ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು. ಒಂದೇ ಸಲ ಅಳೆದು ಫಲಿತಾಂಶ ಬರೆಯಬಾರದು ಎಂದು ಅಲ್ಲಿ ಕಲಿತೆ. ಆಮೇಲೆ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟೆ, ಮೂರು ಊರುಗಳಲ್ಲಿ ಪಾಠ ಮಾಡಿದೆ, ಎಲ್ಲೂ ನಿಲ್ಲಲಾಗದೆ ಶಿರಸಿಗೆ ವಾಪಸು ಬಂದೆ. ಕಲಿತದ್ದರಲ್ಲಿ ಆ ಅನುಮಾನವೊಂದೇ ಕೊನೆಯವರೆಗೆ ಜೊತೆಗೆ ಉಳಿದದ್ದು. ನನ್ನ ಆ ಒಂದು ಮಾತಿನಿಂದ ಒಬ್ಬನ ಹನ್ನೆರಡು ವರ್ಷ ಹಾಳಾಯಿತೇ ಎಂಬ ಪ್ರಶ್ನೆಗೆ ಮಾತ್ರ ಎಷ್ಟು ಸಲ ಅಳೆದರೂ ಒಂದೇ ಉತ್ತರ ಬರಲಿಲ್ಲ.

ಅವನು ಸಿದ್ದಾಪುರದ ಕಡೆಯ ರೈತರ ಮನೆಯವನು. ಫಸ್ಟ್ ಪಿಯುಸಿಗೆ ಸೇರಿದಾಗ ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. ಎಲ್ಲರಿಗಿಂತ ಮುಂದೆ ನಿಂತವರು ನಾವಿಬ್ಬರು. ನಮ್ಮ ಗೆಳೆತನ ಶುರುವಾದದ್ದು ಹಾಗೆ, ಬೇರೆ ಯಾವ ಕಾರಣವೂ ಇರಲಿಲ್ಲ. ಹಿಂದಿನ ಸಾಲುಗಳಲ್ಲಿ ಮೀಸೆ ಕಪ್ಪಾದವರಿದ್ದರು, ಗಡ್ಡ ಹೆರೆದು ಬರುವವರಿದ್ದರು. ನಮ್ಮಿಬ್ಬರ ಮುಖ ಮಾತ್ರ ಏಳನೇ ಕ್ಲಾಸಿನಲ್ಲಿ ಇದ್ದ ಹಾಗೇ ಇತ್ತು. ಹಾಸ್ಟೆಲ್ಲಿನ ಬಚ್ಚಲಿಗೆ ಎಲ್ಲರ ಸ್ನಾನ ಮುಗಿದ ಮೇಲೆಯೇ ಹೋಗುತ್ತಿದ್ದೆವು. ಒಬ್ಬ ಒಳಗಿದ್ದರೆ ಇನ್ನೊಬ್ಬ ಬಾಗಿಲಲ್ಲಿ ಕಾವಲು.

ಮನೆಗೆ ಹೋದರೆ ನನಗೆ ಇನ್ನೊಂದು ಪರೀಕ್ಷೆ. ನಮ್ಮ ಕಡೆ ಊಟದ ಮನೆಗಳಲ್ಲಿ ಬಡಿಸುವುದು ನೆಂಟರಿಷ್ಟರೇ. ಯಾರು ಏನು ಬಡಿಸಬೇಕೆಂದು ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಸಣ್ಣ ಮಾಣಿಗಳಿಗೆ ಉಪ್ಪು ಮತ್ತು ನೀರು. ಸ್ವಲ್ಪ ದೊಡ್ಡವರಿಗೆ ಉಪ್ಪಿನಕಾಯಿ, ಕೋಸಂಬರಿ. ತೋಳು ಗಟ್ಟಿಯಾದವರಿಗೆ ಹುಳಿಯ ಬಕೆಟ್ಟು, ಅನ್ನದ ಹೆಡಿಗೆ. ಬಡಿಸುವವರೆಲ್ಲ ಪಂಚೆ ಉಟ್ಟು ಬರಿಮೈಯಲ್ಲಿರುವುದರಿಂದ ಯಾರ ಮೈ ಎಷ್ಟು ಬಂದಿದೆ ಎಂದು ಇಡೀ ಪಂಕ್ತಿಯೇ ನೋಡುತ್ತಿತ್ತು. ನಾನು ಹದಿನೇಳರಲ್ಲೂ ಶಲ್ಯವನ್ನು ಎದೆಯ ಮೇಲೆ ಎಳೆದುಕೊಂಡು ಉಪ್ಪಿನ ಬಟ್ಟಲು ಹಿಡಿಯುತ್ತಿದ್ದೆ. ನನಗಿಂತ ಎರಡು ವರ್ಷ ಚಿಕ್ಕವನಾದ ಚಿಕ್ಕಪ್ಪನ ಮಗ ಹೆಡಿಗೆ ಹೊತ್ತು ನನ್ನ ಹಿಂದೆ ಬರುತ್ತಿದ್ದ.

"ಆನು ಹುಳಿ ಬಡಿಸ್ತೆ" ಎಂದರೆ ಉಸ್ತುವಾರಿಯ ದೊಡ್ಡಪ್ಪ ಬಕೆಟ್ಟನ್ನು ಆಚೆ ಸರಿಸುತ್ತಿದ್ದ. "ನೀನು ಉಪ್ಪು ಹಿಡಿ ತಮಾ. ಇದು ನಿನ್ ಕೈಲಿ ಎತ್ಲೆ ಆಗ್ತಿಲ್ಲೆ."

ಎಲೆಯ ಮುಂದೆ ಕೂತವರೊಬ್ಬರು ಕೇಳುತ್ತಿದ್ದರು. "ಮಾಣಿಗೆ ಎಷ್ಟು ವರ್ಷ ಆತು?"

"ಹದಿನೇಳು."

"ಹೌದನ! ಆನು ಹನ್ನೆರಡು ಹೇಳಿ ಮಾಡಿದ್ದಿ."

ಆಗ ಒಳಗಿನಿಂದ ಅಜ್ಜಿಯ ರಕ್ಷಣೆ ಬರುತ್ತಿತ್ತು. "ಅವನಪ್ಪಂದೂ ಹಿಂಗೇಯಾ. ಮೀಸೆ ಬಪ್ಪಲೆ ಇಪ್ಪತ್ತು ವರ್ಷ ಬೇಕಾತು." ಪಂಕ್ತಿ ಪೂರಾ ನಗುತ್ತಿತ್ತು. ಅಪ್ಪನೂ ನಗುತ್ತಿದ್ದ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಮನೆಯ ಫೋನೆತ್ತಿ ಹಲೋ ಎಂದರೆ ಆ ಕಡೆಯವರು "ಕೂಸೇ, ಅಪ್ಪಂಗೆ ಕೊಡು" ಎನ್ನುತ್ತಿದ್ದರು. ನಮ್ಮ ಕಡೆ ಕೂಸು ಎಂದರೆ ಹುಡುಗಿ. ನಾನು ಕೂಸಲ್ಲ ಎಂದು ಯಾವತ್ತೂ ಹೇಳಲಿಲ್ಲ. ಸುಮ್ಮನೆ ಅಪ್ಪನಿಗೆ ಕೊಡುತ್ತಿದ್ದೆ.

ಇದನ್ನೆಲ್ಲ ಹೇಳಿಕೊಳ್ಳಲು ಇದ್ದವನು ಅವನೊಬ್ಬನೇ. ಅವನೂ ತನ್ನದನ್ನು ಹೇಳುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರು ಅರ್ಧ ಟಿಕೆಟು ಹರಿದುಕೊಟ್ಟದ್ದು, ಕಬಡ್ಡಿಯಲ್ಲಿ ಎರಡೂ ಕಡೆಯವರು 'ಇವನು ನಿಮಗಿರಲಿ' ಎಂದು ಉದಾರರಾದದ್ದು. ಹೇಳುವಾಗ ನಮಗೇ ನಗು ಬರುತ್ತಿತ್ತು.

ಫಸ್ಟ್ ಪಿಯುಸಿ ಪರೀಕ್ಷೆ ಮುಗಿಸಿ ಅವನು ನಮ್ಮನೆಗೆ ಎರಡು ದಿನಕ್ಕೆ ಬಂದ. ಮನೆಯಲ್ಲಿ ಉಪ್ಪಿನಕಾಯಿಗೆ ಅಪ್ಪೆಮಿಡಿ ಆರಿಸುವ ಗಡಿಬಿಡಿ. ಅಪ್ಪೆಯ ಮಿಡಿಯನ್ನು ಸಾದಾ ಮಾವಿನ ಮಿಡಿಯಿಂದ ಕಣ್ಣಲ್ಲಿ ಬೇರೆ ಮಾಡುವುದು ಕಷ್ಟ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯನ್ನು ಮೂಸಬೇಕು. ಒಂದರದು ಜೀರಿಗೆಯ ಪರಿಮಳ, ಒಂದರದು ಕರ್ಪೂರದ ಹಾಗೆ, ಸಾದಾ ಮಿಡಿಯದು ಏನೂ ಇಲ್ಲ. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ. ನಡುವೆ ಸಾದಾ ಮಿಡಿ ಸೇರಿದರೆ ಅದು ಮೆತ್ತಗಾಗಿ ಇಡೀ ಭರಣಿಯನ್ನೇ ಕೆಡಿಸುತ್ತದೆ. ಆ ವರ್ಷ ತಂದವರು ಎರಡು ಮರದ್ದನ್ನು ಒಂದೇ ಚೀಲಕ್ಕೆ ತುಂಬಿದ್ದರು.

ಆಯಿ, ಅಂದರೆ ನನ್ನಮ್ಮ, ಅವನ ಮುಂದೆ ಒಂದು ಬುಟ್ಟಿ ಸುರಿದಳು. "ತೊಟ್ಟು ಮುರದು ಮೂಸು ತಮಾ. ಪರಿಮಳ ಬಂದದ್ದು ಇತ್ಲಾಗೆ, ಬರ್ದೇ ಇದ್ದದ್ದು ಅತ್ಲಾಗೆ."

ಅವನು ಶ್ರದ್ಧೆಯಿಂದ ಕೂತ. ಪ್ರತಿಯೊಂದನ್ನೂ ಮೂಗಿಗೆ ಹಿಡಿದ, ಕಣ್ಣು ಮುಚ್ಚಿ ತಲೆದೂಗಿದ, ಇತ್ತಲಾಗೋ ಅತ್ತಲಾಗೋ ಹಾಕಿದ. "ಎಂತ ಪರಿಮಳ ಆಯಿ!" ಎಂದೂ ಹೇಳಿದ. ಆಯಿಗೆ ಅವನ ಮೇಲೆ ಪ್ರೀತಿ ಬಂತು. ಶ್ರಾವಣದಲ್ಲಿ ಭರಣಿಯ ಬಾಯಿ ಬಿಚ್ಚಿದರೆ ಮಿಡಿಯೆಲ್ಲ ಮೆತ್ತಗಾಗಿ ಕೊಳೆತಿತ್ತು.

ನಾನು ಹಾಸ್ಟೆಲ್ಲಿಗೆ ಬಂದು ಅವನನ್ನು ಕೇಳಿದೆ. "ಎಂತದಾ ಮಾಡಿಟ್ಟಿದ್ದು?" ಅವನು ಕೆಂಪಗಾದ. "ಅವತ್ತು ಶೀತ ಆಗಿತ್ತು ಮಾರಾಯ" ಎಂದ. ಆಮೇಲೆ, ನಾವಿಬ್ಬರೇ ಇದ್ದಾಗ, ತನಗೆ ಮೊದಲಿಂದಲೂ ಯಾವ ವಾಸನೆಯೂ ಗೊತ್ತಾಗುವುದಿಲ್ಲ ಎಂದ. ಬೇರೆಯವರು ಮೂಗು ಮುಚ್ಚಿದರೆ ತಾನೂ ಮುಚ್ಚುವುದು, ಹೂ ಮೂಸಿ ಆಹಾ ಎಂದರೆ ತಾನೂ ಎನ್ನುವುದು. ಮನೆಯಲ್ಲೂ ಯಾರಿಗೂ ಹೇಳಿಲ್ಲವಂತೆ. ಸಣ್ಣವನಾಗಿದ್ದಾಗ ಎಲ್ಲರೂ ತನ್ನ ಹಾಗೇ ನಟಿಸುತ್ತಾರೆ ಅಂದುಕೊಂಡಿದ್ದನಂತೆ.

ಇದು ನನಗೆ ಭಾರೀ ತಮಾಷೆಯಾಗಿ ಕಂಡಿತು. ಅದೇ ವಾರ ಹಾಸ್ಟೆಲ್ಲಿನಲ್ಲೆಲ್ಲ ಅವನ ಹೆಸರು ಮೂಗಿಲ್ಲದವ ಎಂದಾಯಿತು. ಯಾರು ಹೇಳಿದ್ದು ಎಂದು ಅವನು ಕೇಳಲಿಲ್ಲ. ಅವನು ಹೇಳಿದ್ದು ನನ್ನೊಬ್ಬನಿಗೇ ಆದ್ದರಿಂದ ಕೇಳುವ ಅಗತ್ಯವೂ ಇರಲಿಲ್ಲ.

ಆ ಮಳೆಗಾಲದಲ್ಲಿಯೇ ನಾವು ಡಾಕ್ಟರ ಹತ್ತಿರ ಹೋಗುವ ತೀರ್ಮಾನ ಮಾಡಿದ್ದು. ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರೊಬ್ಬರು ತಿಂಗಳಿಗೊಂದು ಶನಿವಾರ ಶಿರಸಿಯ ಒಂದು ಕ್ಲಿನಿಕ್ಕಿಗೆ ಬರುತ್ತಿದ್ದರು. ಒಬ್ಬೊಬ್ಬರೇ ಹೋಗಲು ಇಬ್ಬರಿಗೂ ಧೈರ್ಯವಿಲ್ಲ. ಒಟ್ಟಿಗೆ ಹೋಗುವುದು, ಇಬ್ಬರೂ ಒಟ್ಟಿಗೇ ಒಳಗೆ ನುಗ್ಗುವುದು, ಮಾತು ನಾನು ಆಡುವುದು. ಮಾತು ನನ್ನ ಪಾಲಿಗೆ ಬಂದದ್ದು ನಾನು ಜೀವಶಾಸ್ತ್ರದಲ್ಲಿ ಕ್ಲಾಸಿಗೆ ಮೊದಲಿಗನಾಗಿದ್ದರಿಂದ. ಆ ತಿಂಗಳು, ಮುಂದಿನ ತಿಂಗಳು ಎಂದು ಮುಂದೆ ಹೋಗಿ ಹೋಗಿ ಕೊನೆಗೆ ಪ್ರ್ಯಾಕ್ಟಿಕಲ್ ಮುಗಿದ ಶನಿವಾರ ಎಂದು ಗಟ್ಟಿಯಾಯಿತು.

ಅಷ್ಟರಲ್ಲಿ, ದೀಪಾವಳಿ ಕಳೆದ ಮೇಲೆ, ನನ್ನ ದನಿ ಒಡೆಯಿತು. ಬೆಳಿಗ್ಗೆ ಬಚ್ಚಲಿನಿಂದ ಬಕೆಟ್ಟಿಗೆ ಕೂಗಿದರೆ ಯಾರದೋ ಗಂಟಲು ಕೇಳಿತು. ಎರಡು ತಿಂಗಳಲ್ಲಿ ಪ್ಯಾಂಟು ಗಿಡ್ಡವಾಯಿತು. ತುಟಿಯ ಮೇಲೆ ನೆರಳು ಬಂತು, ಅದನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಂಡೆ. ಅವನು ನನ್ನ ಹೊಸ ದನಿಯನ್ನು ಅಣಕಿಸಿ ಕಪ್ಪೆ ಎಂದ, ನಕ್ಕ. ಆದರೆ ಬಚ್ಚಲಿನ ಕಾವಲಿಗೆ ನನ್ನನ್ನು ಕರೆಯುವುದು ಬಿಟ್ಟ. ನಾನೂ ಹೋಗಲಿಲ್ಲ. 'ತನ್ನಷ್ಟಕ್ಕೇ ಬರ್ತದೆ' ಎಂಬ ಮಾತು ಆ ದಿನಗಳದ್ದು. ನನಗೆ ಬಂತು, ಆದ್ದರಿಂದ ಅವನಿಗೂ ಬರುತ್ತದೆ. ಒಂದೇ ಉದಾಹರಣೆಯಿಂದ ನಿಯಮ ಮಾಡಿದ್ದೆ. ಜೀವಶಾಸ್ತ್ರದಲ್ಲಿ ಕ್ಲಾಸಿಗೆ ಮೊದಲಿಗನಾಗಿದ್ದವನು!

ನನಗೆ ಅನುಮಾನವೇ ಇಲ್ಲದ ನೆನಪೊಂದೂ ಆ ಮಾಘದ್ದೇ. ದೊಡ್ಮನೆ ಎಂಬ ಊರಿನ ಹತ್ತಿರ ಸೋದರತ್ತೆಯ ಮಗನ ಉಪನಯನ. ನಾನು ಎಂದಿನಂತೆ ಉಪ್ಪಿನ ಬಟ್ಟಲಿಗೆ ಕೈ ಹಾಕಿದೆ. ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದನ್ನ ಹುಡುಗ್ರಿಗೆ ಕೊಡು. ನೀನು ಹುಳಿ ಹಿಡಿ" ಎಂದ. ಬಕೆಟ್ಟಿನ ಹಿಡಿ ಬೆರಳಿಗೆ ಒತ್ತಿದ್ದು, ಮೊದಲ ಎಲೆಯ ಮುಂದೆ ಬಾಗಿ "ಹುಳೀ" ಎಂದದ್ದು, ಆ ದನಿ ಚಪ್ಪರದ ಆ ತುದಿಯವರೆಗೆ ಹೋದದ್ದು, ಒಬ್ಬರು ತಲೆಯೆತ್ತಿ "ಓಹೋ!" ಎಂದದ್ದು, ಒಂದೂ ಮರೆತಿಲ್ಲ. ಶಲ್ಯವನ್ನು ಸೊಂಟಕ್ಕೆ ಬಿಗಿದಿದ್ದೆ. ಮೂರು ಪಂಕ್ತಿಗೂ ನಾನೇ ಹುಳಿ ಬಡಿಸಿದೆ.

ಪರೀಕ್ಷೆ ಮುಗಿಯಿತು, ನಾನು ಧಾರವಾಡಕ್ಕೆ ಹೋದೆ, ಅವನು ಐಟಿಐ ಸೇರಿದ. ಒಂದೆರಡು ಕಾಗದ ಬಂದವು. ಒಂದಕ್ಕೆ ಉತ್ತರ ಬರೆದೆ. ಇನ್ನೊಂದಕ್ಕೂ ಬರೆದೆನೇನೋ, ಗೊತ್ತಿಲ್ಲ.

ಈ ಕತೆ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಕಳೆದ ವರ್ಷ ತಂಗಿ ಫೋನು ಮಾಡಿದಳು. "ಮಾಣಿಗೆ ಹದಿನಾರೂವರೆ ಆತು. ಎಂತದೂ ಬದಲಾಗ್ತಾ ಇಲ್ಲೆ. ಶಾಲೆಗೆ ಹೋಗ್ತ್ನಿಲ್ಲೆ ಹೇಳ್ತಾ ಇದ್ದ. ನೀ ಒಂಚೂರು ಮಾತಾಡು." ನನ್ನ ಬಾಯಿಗೆ ಮೊದಲು ಬಂದದ್ದು ಅದೇ ಹಳೇ ಮಾತು: ಕಾಯಲಿ ಬಿಡು, ನಂಗೂ ತಡವಾಗಿಯೇ ಬಂದದ್ದು. ಹೇಳಿಯೂ ಬಿಟ್ಟೆ. ಅವಳು ಅತ್ತಳು. ಹಾಗಾಗಿ ಅಳಿಯನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ.

ಹಾರ್ಮೋನಿನ ಡಾಕ್ಟರು ಸಮಾಧಾನದ ಮನುಷ್ಯ. ಅಳಿಯನ ಎತ್ತರ ಅಳೆದರು, ಕೈಯ ಎಕ್ಸ್‌ರೇ ನೋಡಿದರು. ಮನೆತನದಲ್ಲಿ ಯಾರಿಗಾದರೂ ತಡವಾಗಿತ್ತೇ ಎಂದು ಕೇಳಿದರು. ನನಗೆ, ನನ್ನಪ್ಪನಿಗೆ ಎಂದೆ. ಆಮೇಲೆ ಹುಡುಗನ ಕಡೆ ತಿರುಗಿದರು. "ವಾಸನಿ ಬರ್ತದೇನಪಾ ನಿನಗ? ಮನ್ಯಾಗ ಒಗ್ಗರಣಿ ಹಾಕಿದ್ರ ಗೊತ್ತಾಗ್ತದೇನು?"

"ಬರ್ತದೆ ಸರ್" ಎಂದ ಅಳಿಯ. "ಬಸ್ಸಲ್ಲಿ ಮಾವ ಶೂ ಬಿಚ್ಚಿದ್ದೂ ಗೊತ್ತಾಯ್ತು."

ಡಾಕ್ಟರು ನಕ್ಕರು. ನಾನು ನಗುತ್ತಲೇ, ವಾಸನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ.

"ಮನೆತನದಾಗ ಇದ್ದು ತಡಾ ಆದ್ರ ಕಾದ್ರ ಬರ್ತದರಿ. ಇನ್ನ ಕೆಲವ್ರಿಗೆ ಮೈ ಬೆಳೀಲಿ ಅಂತ ಮೆದುಳಿನಿಂದ ಹೇಳಿಕೀನ ಹೋಗಂಗಿಲ್ಲ. ಅಂಥವ್ರೊಳಗ ಕೆಲವ್ರಿಗೆ ಹುಟ್ಟಿನಿಂದ ವಾಸನೀನೂ ಇರಂಗಿಲ್ಲ. ಅವ್ರು ಎಷ್ಟ ಕಾದ್ರೂ ಉಪಯೋಗಿಲ್ಲ, ಔಷಧನ ಕೊಡಬೇಕು. ಅದಕ್ಕ ಕೇಳೂದು."

ಅಳಿಯನಿಗೆ ಚಿಂತೆಯಿಲ್ಲ ಎಂದು ಅವರು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ನನ್ನ ಕಣ್ಣ ಮುಂದೆ ಮಿಡಿಯ ಎರಡು ರಾಶಿ. ಕಣ್ಣು ಮುಚ್ಚಿ ತಲೆದೂಗುತ್ತಿರುವ ಅವನು. ಆ ಒಂದು ವಿಷಯವನ್ನು ಇಡೀ ಶಿರಸಿಯಲ್ಲಿ ಅವನು ಹೇಳಿಕೊಂಡದ್ದು ನನಗೊಬ್ಬನಿಗೆ. ಡಾಕ್ಟರ ಮುಂದೆ ಮಾತಾಡಬೇಕಾಗಿದ್ದವನೂ ನಾನೇ. ಅದನ್ನು ಹಾಸ್ಟೆಲ್ಲಿಗೆ ಹೇಳಿದೆ, ಡಾಕ್ಟರಿಗೆ ಹೇಳಲಿಲ್ಲ.

ಹಳೆಯ ಸಹಪಾಠಿಯೊಬ್ಬನಿಂದ ನಂಬರು ಸಿಕ್ಕಿತು. ಅವನು ಈಗ ಯಲ್ಲಾಪುರದಲ್ಲಿದ್ದಾನೆ, ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಫೋನಿನಲ್ಲಿ "ಬಾ ಮಾರಾಯ" ಎಂದ. ತುಂಬಿದ ದನಿ. ಅವನೇ ಹೌದೇ ಎಂದು ಎರಡು ಸಲ ಕೇಳಿದೆ. ಹೋಗಲು ಮತ್ತೆ ನಾಲ್ಕು ತಿಂಗಳು ತೆಗೆದುಕೊಂಡೆ. ದಾರಿಯಲ್ಲಿ ಸ್ವರ್ಣವಲ್ಲಿ ಮಠಕ್ಕೆ ತಿರುಗುವಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡೋಣ ಎಂದೂ ಅನಿಸಿತ್ತು.

ಅಂಗಡಿಯಲ್ಲಿ ಎದ್ದು ನಿಂತವನನ್ನು ನೋಡಲು ನಾನು ತಲೆ ಎತ್ತಬೇಕಾಯಿತು. ನನಗಿಂತ ಗೇಣುದ್ದ ಹೆಚ್ಚು, ಕೈಗಳು ಇನ್ನೂ ಉದ್ದ. ದಪ್ಪ ಮೀಸೆ. ನಾನು ನೋಡುತ್ತಿರುವುದನ್ನು ನೋಡಿ ನಕ್ಕ. "ಬೆಳೆದಿದ್ದು ಸಾಕು ನಿಲ್ಲು ಅಂತ ಹೇಳೋರು ಮೈಯೊಳಗೆ ಯಾರೂ ಇರ್ಲಿಲ್ಲ. ಮೀಸೆ ತರೋ ಹಾರ್ಮೋನೇ ಎಲುಬಿಗೆ ನಿಲ್ಲು ಅಂತ ಹೇಳೋದಂತೆ. ಅದಕ್ಕೆ ನಿಧಾನಕ್ಕೆ ಬೆಳೀತಾನೇ ಇತ್ತು."

ಗಿರಾಕಿಯೊಬ್ಬರು ಮೋಟಾರು ತಂದಿಟ್ಟು, ಸುಟ್ಟ ವಾಸನೆ ಬರ್ತಾ ಇದೆ, ಮೂಸಿ ನೋಡಿ ಎಂದರು. ಅವನು ಮೂಸಲಿಲ್ಲ, ಮೀಟರಿನ ಎರಡು ತಂತಿ ಹಿಡಿದು ನೋಡಿದ. ಅವರು ಹೋದ ಮೇಲೆ ಹೇಳಿದ. "ಬೇರೆ ಅಂಗಡಿಯವರು ಮೂಸೇ ಹೇಳ್ತಾರೆ. ನಾನು ಹಾಗೆ ನಟನೆ ಮಾಡೋದು ಬಿಟ್ಟೆ."

ಬಿಟ್ಟದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ. ಸ್ಕೂಟರಿನಿಂದ ಮೆತ್ತಗೆ ಬಿದ್ದು ಮಣಿಕಟ್ಟು ಮುರಿದಿತ್ತು. ಇಷ್ಟು ಸಣ್ಣ ಪೆಟ್ಟಿಗೆ ಇಷ್ಟು ಮುರಿಯಬಾರದು ಎಂದು ಎಲುಬಿನ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಅದೇ ಪ್ರಶ್ನೆ: ವಾಸನೆ ಬರುತ್ತದೆಯೇ? ಅಂದಿನಿಂದ ಇಂಜೆಕ್ಷನ್ನು, ಬದುಕಿರುವವರೆಗೂ. ದನಿ ಬಂದದ್ದು ಮೂವತ್ತಕ್ಕೆ. ಅಲ್ಲಿಯವರೆಗೆ ಅಂಗಡಿಗೆ ಬಂದವರು 'ಮಾಲಕರು ಎಲ್ಲಿ ತಮ್ಮಾ' ಎನ್ನುತ್ತಿದ್ದರು. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ, ಹುಡುಗ ಬರಲಿಲ್ಲವಾ ಎಂದು ಅವನನ್ನೇ ಕೇಳಿದ್ದರು. ಮತ್ತೆ ಎಲ್ಲಿಗೂ ಹೋಗಲಿಲ್ಲ. ಮದುವೆಯಾಗಿ ಈಗ ಮೂರು ವರ್ಷ. ಎಲುಬು ಮಾತ್ರ ಇನ್ನೂ ಅಷ್ಟಕ್ಕಷ್ಟೇ, ಭಾರದ ಮೋಟಾರು ಎತ್ತುವುದಿಲ್ಲ. ಇದನ್ನೆಲ್ಲ ಅವನು ತಂತಿ ಸುತ್ತುತ್ತಾ, ಸುತ್ತು ತಪ್ಪದ ಹಾಗೆ ನಡುನಡುವೆ ನಿಲ್ಲಿಸಿ ಹೇಳಿದ.

ನಾನು ಬಂದ ಕಾರಣ ಹೇಳಿದೆ. "ಸುಮ್ನೆ ಕಾಯಿ ಅಂತ ನಾನು ಹೇಳಿದ್ದೆ. ಅದರಿಂದಲೇ ನೀನು ಹೋಗಲಿಲ್ಲವಾ?"

"ನೀನು ಹೇಳಿದ್ಯಾ? ಇರಬಹುದು. ಎಲ್ಲರೂ ಹೇಳ್ತಿದ್ರು, ನಮ್ಮಪ್ಪನೂ ಅದನ್ನೇ. ನಂಗೆ ಅದು ನೆನಪಿಲ್ಲ." ಕತ್ತರಿ ಕೆಳಗಿಟ್ಟ. "ನೀನು ಬರ್ಲಿಲ್ಲ. ಅದು ನೆನಪಿದೆ."

"ಎಲ್ಲಿಗೆ?"

"ಕ್ಲಿನಿಕ್ಕಿಗೆ. ಪ್ರ್ಯಾಕ್ಟಿಕಲ್ ಮುಗಿದ ಶನಿವಾರ. ನಾನು ಬೆಳಿಗ್ಗೆ ಏಳಕ್ಕೇ ಹೋಗಿ ಎರಡು ಚೀಟಿ ಮಾಡಿಸಿದ್ದೆ, ನಿಂದೊಂದು ನಂದೊಂದು. ನಮ್ಮ ನಂಬರು ಕರೆದ್ರು. ಗೆಳೆಯ ಬರ್ಲಿ ಅಂತ ಹಿಂದಿನವರನ್ನ ಒಳಗೆ ಬಿಟ್ಟೆ. ಮತ್ತೆ ಕರೆದ್ರು, ಮತ್ತೊಬ್ಬರನ್ನ ಬಿಟ್ಟೆ. ಮಧ್ಯಾಹ್ನ ಬಾಗಿಲು ಹಾಕೋ ಹೊತ್ತಿಗೆ ಡಾಕ್ಟ್ರೇ ಹೊರಗೆ ಬಂದು, ಏನಪ್ಪಾ ಮರಿ, ಯಾರ ಜೊತೆ ಬಂದೀ ಅಂದ್ರು. ಯಾರಿಲ್ಲ ಅಂದೆ. ಮನೆಯವರನ್ನ ಕರ್ಕೊಂಡು ಬಾ ಅಂದ್ರು. ಮನೇಲಿ ಯಾರಿಗೆ ಹೇಳೋದು?"

ನಾನು ಇಷ್ಟು ತಿಂಗಳು ಬಸ್ ಸ್ಟ್ಯಾಂಡು, ಮೆಟ್ಟಿಲು, ಕೊಡೆ ಎಂದು ಒಂದು ಮಾತಿನ ಹಿಂದೆ ಅಲೆದಿದ್ದೆ. ಆ ಬೆಂಚು ನನ್ನ ನೆನಪಿನಲ್ಲಿ ಎಲ್ಲೂ ಇರಲಿಲ್ಲ. ಆ ಶನಿವಾರ ನಾನು ಹೋಗಬೇಕಾಗಿತ್ತು ಎಂಬುದು ಗೊತ್ತಿತ್ತು. ಹೋಗಲಿಲ್ಲ ಎಂಬುದು ಗೊತ್ತಿರಲಿಲ್ಲ. ಅದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ.

"ಅವತ್ತು ನಾನು ಎಲ್ಲಿದ್ದೆ?" ಎಂದೆ. ನನ್ನ ಪ್ರಶ್ನೆ ನನಗೇ ಹುಚ್ಚಾಗಿ ಕೇಳಿತು.

"ಯಾರದೋ ಉಪನಯನ. ಸೋಮವಾರ ನೀನು ಬಾಳೆಎಲೇಲಿ ಹೋಳಿಗೆ ಕಟ್ಕೊಂಡು ಬಂದಿದ್ದೆ. ಸಿಹಿ ಅಂತ ಗೊತ್ತಾಯ್ತು, ನಾನು ತಿಂದೆ. ಹುಳಿ ನಾನೇ ಬಡಿಸಿದೆ ಗೊತ್ತಾ, ಹುಳಿ ನಾನೇ ಬಡಿಸಿದೆ ಅಂತ ನೀನು ಎರಡೆರಡು ಸಲ ಹೇಳಿದೆ. ಅದರಲ್ಲಿ ಎಂತ ದೊಡ್ಡ ವಿಷಯ ಅಂತ ನಂಗೆ ಅರ್ಥ ಆಗ್ಲಿಲ್ಲ."

"ಯಾಕೆ ಬರಲಿಲ್ಲ ಅಂತ ನೀನು ಕೇಳಲಿಲ್ಲವಾ?"

"ಎಂತ ಕೇಳೋದು? ನಿನ್ನ ದನಿ ಕೇಳಿದ್ರೆ ಗೊತ್ತಾಗ್ತಿತ್ತು, ನಿಂಗಿನ್ನು ಬೇಡ ಅಂತ."

ಅವನು ಚಹಾ ತರಿಸಿದ. ಕುಡಿಯುತ್ತಾ, ಈಗಾದರೂ ಹೇಳು, ಹುಳಿ ಬಡಿಸಿದ್ರೆ ಎಂತ ವಿಶೇಷ ಎಂದ. ನಾನು ಹೇಳಿದೆ. ಸಣ್ಣ ಮಾಣಿಗಳಿಗೆ ಉಪ್ಪು, ಆಮೇಲೆ ಉಪ್ಪಿನಕಾಯಿ, ಮೈ ಬಂದವರಿಗೆ ಹುಳಿಯ ಬಕೆಟ್ಟು. ಹದಿನೇಳರಲ್ಲೂ ನಾನು ಶಲ್ಯ ಹೊದ್ದು ಉಪ್ಪು ಹಿಡಿದದ್ದು. ಅವನು ಗಮನವಿಟ್ಟು ಕೇಳಿದ. ಕೇಳಿ ಜೋರಾಗಿ ನಕ್ಕ, ಆ ದೊಡ್ಡ ಹೊಸ ದನಿಯಲ್ಲಿ.

"ಹಾಗಾದ್ರೆ ನಾನು ಮೂವತ್ತರ ತನಕ ಉಪ್ಪೇ ಬಡಿಸ್ತಿದ್ದೆ ಅನ್ನು!"

ನಾನು ನಗಲಿಲ್ಲ ಎಂದು ನೆನಪು. ನಕ್ಕಿರಲೂಬಹುದು.